ಸಾಕು ಆಮೆಗೆ ಹಾಸು ಯಾವುದು, ಸುಣ್ಣದಂಶ ಎಷ್ಟು?

ನಗರದ ಮನೆಗಳಲ್ಲಿ ನಾಯಿ, ಬೆಕ್ಕು, ಗಿಳಿಗಳ ಸಾಲಿಗೆ ಆಮೆಯೂ ಸೇರಿದೆ. ಸದ್ದು ಮಾಡುವುದಿಲ್ಲ, ಹೆಚ್ಚು ಜಾಗ ಬೇಡುವುದಿಲ್ಲ, ಸೊಪ್ಪು ತಿಂದು ತನ್ನ ಪಾಡಿಗೆ ಇರುತ್ತದೆ ಎಂಬ ನಂಬಿಕೆಯಿಂದ ಅಂಗೈಯಷ್ಟು ಅಗಲದ ಮರಿಯನ್ನು ಕೊಂಡು ತರುವವರಿದ್ದಾರೆ. ಆದರೆ ಆರೈಕೆ ತಪ್ಪಿದರೆ ಒಂದೆರಡು ವರ್ಷಗಳಲ್ಲಿಯೇ ಅದರ ಚಿಪ್ಪು ಉಬ್ಬುಉಬ್ಬಾಗಿ ಏಳುತ್ತದೆ, ಇಲ್ಲವೇ ಒತ್ತಿದರೆ ತಗ್ಗುವಷ್ಟು ಮೆತ್ತಗಾಗುತ್ತದೆ. ಹೀಗೆ ಕೆಟ್ಟ ಚಿಪ್ಪಿನ ಆಕಾರ ಮತ್ತೆ ಮೊದಲಿನಂತಾಗುವುದಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ ಪ್ರಾಣಿಯು ಎಳವೆಯ ಆ ದೋಷವನ್ನು ಜೀವನಪರ್ಯಂತ ಹೊರಬೇಕಾಗುತ್ತದೆ.

ಈ ದೋಷಗಳ ಹಿಂದೆ ಮುಖ್ಯವಾಗಿ ಎರಡು ಸಂಗತಿಗಳಿವೆ. ಒಂದು, ಆಮೆ ಓಡಾಡುವ ನೆಲ. ಇನ್ನೊಂದು, ಅದಕ್ಕೆ ದೊರೆಯುವ ಸುಣ್ಣದಂಶ. ಇವೆರಡನ್ನೂ ಒಟ್ಟಿಗೆ ನೋಡಬೇಕು. ಏಕೆಂದರೆ ಸುಣ್ಣದಂಶ ಸಾಲದ ಆಮೆಯು ನೆಲವನ್ನೇ ತಿನ್ನತೊಡಗುತ್ತದೆ.

ಯಾವ ಆಮೆಯನ್ನು ಸಾಕಬಹುದು?

ಹಾಸು ಮತ್ತು ಆಹಾರದ ಮಾತಿಗೆ ಮೊದಲು ಕಾನೂನನ್ನು ತಿಳಿದಿರುವುದು ಅಗತ್ಯ. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದ ಒಣ ಪ್ರದೇಶಗಳಲ್ಲಿ ಕಾಣಸಿಗುವ ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದೃಷ್ಟ ತರುತ್ತದೆ ಎಂಬ ನಂಬಿಕೆಯೂ ವಿದೇಶಿ ಸಾಕುಪ್ರಾಣಿ ಮಾರುಕಟ್ಟೆಯ ಬೇಡಿಕೆಯೂ ಸೇರಿ ಈ ಆಮೆಯನ್ನು ಕಳ್ಳಸಾಗಣೆಗೆ ಗುರಿ ಮಾಡಿವೆ. ಸಿಂಗಪುರದಲ್ಲಿ ವಶಪಡಿಸಿಕೊಂಡಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಮರಳಿ ತರಲಾಗಿತ್ತು. 2019ರಲ್ಲಿ ಈ ಪ್ರಭೇದವನ್ನು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲನೇ ಅನುಬಂಧಕ್ಕೆ ಸೇರಿಸಲಾಯಿತು. ಮನೆಯಲ್ಲಿ ನಕ್ಷತ್ರ ಆಮೆ ಇದ್ದರೆ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ. ಸಿಕ್ಕ ಸಿಕ್ಕ ಕಡೆ ಬಿಟ್ಟು ಬರುವುದು ಅದಕ್ಕೂ ಕಾಡಿನ ಇತರ ಆಮೆಗಳಿಗೂ ಅಪಾಯಕರ.

ನಮ್ಮ ಸಾಕುಪ್ರಾಣಿ ಮಾರುಕಟ್ಟೆಗೆ ಬಂದಿರುವ ವಿದೇಶಿ ನೆಲ ಆಮೆಗಳಲ್ಲಿ ಆಫ್ರಿಕಾದ ಸಲ್ಕಾಟಾ ಪ್ರಮುಖವಾದುದು. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನಲ್ಲಿ, ಸೆನೆಗಲ್‌ನಿಂದ ಸುಡಾನ್, ಇಥಿಯೋಪಿಯಾಗಳವರೆಗಿನ ಒಣ ಸೀಮೆ ಇದರ ತವರು. ಗ್ಯಾಲಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ಜಗತ್ತಿನ ಅತಿ ದೊಡ್ಡ ನೆಲ ಆಮೆ ಇದೇ. ಬೆಳೆದ ಗಂಡು 50 ಕಿಲೋಗ್ರಾಂ ಮೀರಬಲ್ಲದು. ಆದ್ದರಿಂದ ಇದು ಫ್ಲ್ಯಾಟಿನ ಮೂಲೆಯಲ್ಲಿ ಬಹುಕಾಲ ಹಿಡಿಸುವ ಪ್ರಾಣಿಯಲ್ಲ ಎಂಬುದನ್ನು ಕೊಳ್ಳುವ ಮುನ್ನವೇ ಯೋಚಿಸಬೇಕು.

ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಅದನ್ನು ನೋಂದಾಯಿಸಬೇಕೆಂದು ಈ ತಿದ್ದುಪಡಿ ಹೇಳುತ್ತದೆ. ಇದರ ನಿಯಮಗಳು 2024ರ ಫೆಬ್ರುವರಿ 28ರಂದು ಪ್ರಕಟವಾದವು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ಪ್ರಾಣಿ ಕೈಸೇರಿದ 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಹಸ್ತಾಂತರ, ಮರಿಗಳ ಜನನ ಮತ್ತು ಸಾವನ್ನೂ ತಿಳಿಸಬೇಕು. ಸಲ್ಕಾಟಾಕ್ಕೂ ಈ ನಿಯಮ ಅನ್ವಯಿಸುತ್ತದೆ.

ಚಿಪ್ಪು ಎಂದರೆ ಮೂಳೆ

ಬಸವನ ಹುಳುವಿನ ಚಿಪ್ಪಿಗೂ ಆಮೆಯ ಚಿಪ್ಪಿಗೂ ದೊಡ್ಡ ವ್ಯತ್ಯಾಸವಿದೆ. ಆಮೆಯ ಬೆನ್ನೆಲುಬು ಮತ್ತು ಪಕ್ಕೆಲುಬುಗಳು ಅಗಲವಾಗಿ ಬೆಸೆದುಕೊಂಡು ಚಿಪ್ಪಾಗಿವೆ. ಅದರ ಮೇಲೆ ನಮ್ಮ ಉಗುರಿನಲ್ಲಿರುವಂತಹುದೇ ಕೆರಾಟಿನ್‌ನ ಫಲಕಗಳು ಕುಳಿತಿವೆ. ಮರಿ ಬೆಳೆಯುವಾಗ ದೇಹದ ಉಳಿದ ಮೂಳೆಗಳ ಜೊತೆಗೆ ಈ ಇಡೀ ಕವಚಕ್ಕೂ ಕ್ಯಾಲ್ಸಿಯಂ ಬೇಕು. ಆಹಾರದಲ್ಲಿ ಅದು ಸಾಲದಿದ್ದರೆ ರಕ್ತದ ಅಗತ್ಯ ಪೂರೈಸಲು ದೇಹವು ಮೂಳೆಯಿಂದಲೇ ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತದೆ. ಆಗ ಚಿಪ್ಪು ಮೆತ್ತಗಾಗುತ್ತದೆ, ದವಡೆ ಬಾಗುತ್ತದೆ, ಕಾಲು ಸೋಲುತ್ತದೆ. ಮೊಟ್ಟೆಯೊಡೆದು ಹೊರಬಂದ ಮೊದಲ ತಿಂಗಳುಗಳಲ್ಲಿ ಚಿಪ್ಪು ತುಸು ಮೆದುವಾಗಿರುವುದು ಸಹಜ. ಆ ಬಳಿಕವೂ ಹಾಗೆಯೇ ಇದ್ದರೆ ಅದು ರೋಗದ ಸೂಚನೆ.

ಬೇಡವಾದ ಹಾಸುಗಳು

ನಗರದ ಮನೆಗಳಲ್ಲಿ ಆಮೆ ಹೆಚ್ಚಾಗಿ ಓಡಾಡುವುದು ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ. ಈ ನುಣುಪಿನಲ್ಲಿ ಉಗುರಿಗೆ ಹಿಡಿತ ಸಿಗದೆ ಕಾಲುಗಳು ಅಗಲಕ್ಕೆ ಜಾರುತ್ತವೆ. ಬೆಳೆಯುವ ಮರಿಯ ಕೀಲುಗಳಿಗೆ ಇದು ಹಾನಿಕರ. ನೆಲ ತಣ್ಣಗಿರುತ್ತದೆ, ಅಗೆಯಲು ಮಣ್ಣಿರುವುದಿಲ್ಲ. ನೆಲ ಒರೆಸುವ ಫಿನಾಯಿಲ್, ಜಿರಳೆ ಮತ್ತು ಇರುವೆಗೆಂದು ಗೋಡೆಯಂಚಿನಲ್ಲಿ ಎಳೆಯುವ ಕೀಟನಾಶಕ ಸೀಮೆಸುಣ್ಣದ ಗೆರೆ ಇವೆರಡೂ ಆಮೆಯ ಬಾಯಿಗೆ ನೇರವಾಗಿ ಸಿಗುತ್ತವೆ.

ಮರುಭೂಮಿಯ ಪ್ರಾಣಿಗೆ ಮರಳೇ ಸರಿ ಎಂಬ ತರ್ಕವೂ ತಪ್ಪು. ಬರಿಯ ಮರಳಿನ ಮೇಲೆ ಆಹಾರವಿಟ್ಟರೆ ಒದ್ದೆ ಸೊಪ್ಪಿಗೆ ಅಂಟಿದ ಮರಳು ಹೊಟ್ಟೆ ಸೇರುತ್ತದೆ. ಅದು ಕರುಳಿನಲ್ಲಿ ಶೇಖರವಾಗಿ ಕಟ್ಟಿಕೊಂಡರೆ ಆಮೆ ಆಹಾರ ಬಿಡುತ್ತದೆ, ಮಲವಿಸರ್ಜನೆ ನಿಲ್ಲುತ್ತದೆ. ಜೀರ್ಣವಾಗುತ್ತದೆ ಎಂದು ಹೇಳಿ ಮಾರುವ ಕ್ಯಾಲ್ಸಿಯಂ ಮರಳು ಇನ್ನೂ ಅಪಾಯಕರ. ಸುಣ್ಣದ ರುಚಿಗೆ ಆಮೆ ಅದನ್ನು ಬೇಕೆಂದೇ ತಿನ್ನುತ್ತದೆ. ಕಟ್ಟಡಗಳಿಗೆ ಬಳಸುವ ಎಂ-ಸ್ಯಾಂಡ್ ಕಲ್ಲನ್ನು ಒಡೆದು ಮಾಡಿದ್ದು. ಅದರ ಕಣಗಳ ಅಂಚು ಚೂಪು, ದೂಳೂ ಹೆಚ್ಚು. ನುಂಗಬಹುದಾದ ಗಾತ್ರದ ಬಣ್ಣದ ಕಲ್ಲು, ಜಲ್ಲಿಗಳನ್ನೂ ದೂರವಿಡಬೇಕು.

ಸಾಮಿಲ್‌ಗಳಲ್ಲಿ ಸಿಗುವ ಮರದ ಹೊಟ್ಟು ಅಗ್ಗವಾದರೂ ಅದರ ದೂಳು ಕಣ್ಣು ಮತ್ತು ಶ್ವಾಸಕೋಶಕ್ಕೆ ತೊಂದರೆ ಕೊಡುತ್ತದೆ. ಯಾವ ಮರದ್ದು, ಯಾವ ರಾಸಾಯನಿಕ ಬಳಿದದ್ದು ಎಂದು ತಿಳಿಯುವಂತಿಲ್ಲ. ದೇವದಾರು, ಪೈನ್ ಮರಗಳ ಸಿಪ್ಪೆಯಲ್ಲಿನ ಪರಿಮಳ ತೈಲಗಳೂ ಉಸಿರಾಟಕ್ಕೆ ಹಿತವಲ್ಲ. ಹುಲ್ಲಿನ ಹಾಸು ಒಣಗಿದ್ದಾಗ ಚೆನ್ನ, ತೇವವಾದರೆ ಬೂಷ್ಟು ಹಿಡಿಯುತ್ತದೆ. ಹಳೆಯ ದಿನಪತ್ರಿಕೆಯನ್ನು ಕಾಯಿಲೆ ಬಿದ್ದ ಆಮೆಯ ಮಲ ಪರೀಕ್ಷಿಸಲು ಕೆಲವು ದಿನ ಹಾಸಬಹುದು, ಕಾಯಂ ಆಗಿ ಬೇಡ.

ಒಳ್ಳೆಯ ಹಾಸು ಹೇಗಿರಬೇಕು?

ಗೊಬ್ಬರ, ಕೀಟನಾಶಕ ಸೋಕದ ಸಡಿಲ ಕೆಂಪು ಮಣ್ಣು ಮತ್ತು ಕೊಕೊಪೀಟ್ ಎಂದು ನರ್ಸರಿಗಳಲ್ಲಿ ಮಾರುವ ತೆಂಗಿನ ನಾರಿನ ಪುಡಿಯನ್ನು ಸಮಪ್ರಮಾಣದಲ್ಲಿ ಬೆರೆಸಿದರೆ ಉತ್ತಮ ಹಾಸು ಸಿದ್ಧವಾಗುತ್ತದೆ. ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಎರಡು ಮೂರು ಬಾರಿ ಸಿಹಿನೀರಿನಲ್ಲಿ ನೆನೆಸಿ ಹಿಂಡಬೇಕು. ಗಿಡಗಳಿಗೆಂದು ಗೊಬ್ಬರ ಅಥವಾ ಪರ್ಲೈಟ್‌ನ ಬಿಳಿ ಹರಳು ಬೆರೆಸಿದ ಮಿಶ್ರಣ ಕೂಡದು. ರಸ್ತೆಬದಿಯ ಮಣ್ಣಿನಲ್ಲಿ ಎಣ್ಣೆ, ಸೀಸದ ಅಂಶ ಸೇರಿರಬಹುದು. ಮನೆ ಕಟ್ಟುವಾಗ ಗೆದ್ದಲಿಗೆ ಔಷಧಿ ಹಾಕಿದ ಪಾಯದ ಮಣ್ಣೂ ಅಷ್ಟೇ ಅಪಾಯಕರ. ಕಪ್ಪು ಎರೆಮಣ್ಣು ಒದ್ದೆಯಾದಾಗ ಅಂಟಿ, ಒಣಗಿದಾಗ ಗಟ್ಟಿಯಾಗಿ ಬಿರಿಯುವುದರಿಂದ ಸೂಕ್ತವಲ್ಲ.

ಮರಿಗಳಿಗೆ ಹಾಸಿನ ಆಳ ಕನಿಷ್ಠ ಚಿಪ್ಪಿನ ಎತ್ತರದಷ್ಟಾದರೂ ಇರಬೇಕು. ಕೆಳಪದರ ತೇವವಾಗಿ, ಮೇಲ್ಪದರ ಒಣಗಿರಬೇಕು. ಮೇಲ್ಭಾಗ ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಕಡೆಯ ಚಿಪ್ಪು ಕೊಳೆಯುತ್ತದೆ. ಪೆಟ್ಟಿಗೆಯ ಒಂದು ಅಂಚಿನಲ್ಲಿ ನೀರು ಸುರಿದು ಅದು ಅಡಿಯಲ್ಲಿ ಹರಡುವಂತೆ ಮಾಡುವುದು ಸುಲಭ ವಿಧಾನ. ಆಹಾರವನ್ನು ಹಾಸಿನ ಮೇಲೆ ಹಾಕದೆ ಚಪ್ಪಟೆ ಕಲ್ಲು ಅಥವಾ ಹಂಚಿನ ಮೇಲಿಡಬೇಕು.

ತೇವಾಂಶದ ಮಹತ್ವ

ಚಿಪ್ಪಿನ ಫಲಕಗಳು ಗೋಪುರಗಳಂತೆ ಏಳುವುದಕ್ಕೆ ಪ್ರೋಟೀನ್ ಹೆಚ್ಚಾಗುವುದೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ವಿಯೆನ್ನಾದ ಸಂಶೋಧಕರಾದ ವೀಸ್ನರ್ ಮತ್ತು ಐಬೆನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಬದಲಿಸಿತು. ಅವರು 50 ಸಲ್ಕಾಟಾ ಮರಿಗಳನ್ನು ಐದು ತಿಂಗಳ ಕಾಲ ಬೇರೆ ಬೇರೆ ತೇವಾಂಶ ಮತ್ತು ಪ್ರೋಟೀನ್ ಪ್ರಮಾಣದಲ್ಲಿ ಬೆಳೆಸಿದರು. ಒಣ ಗಾಳಿಯಲ್ಲಿ ಬೆಳೆದವುಗಳ ಚಿಪ್ಪಿನಲ್ಲಿ ಉಬ್ಬು ಹೆಚ್ಚಾಗಿತ್ತು, ಪ್ರೋಟೀನಿನ ಪ್ರಭಾವ ಅಲ್ಪವಾಗಿತ್ತು.

ಸಲ್ಕಾಟಾ ತನ್ನ ತವರಿನಲ್ಲಿ ಬಿಸಿಲ ಹೊತ್ತನ್ನು ತಾನೇ ತೋಡಿದ ಆಳದ ಬಿಲದಲ್ಲಿ ಕಳೆಯುತ್ತದೆ. ಮೇಲಿನ ಗಾಳಿ ಎಷ್ಟೇ ಒಣಗಿದ್ದರೂ ಬಿಲದೊಳಗೆ ತೇವವಿರುತ್ತದೆ. ಮನೆಯ ಪೆಟ್ಟಿಗೆಯಲ್ಲಿ ತೇವದ ಹಾಸಿರುವ ಒಂದು ಗೂಡು ಆ ಬಿಲದ ಕೆಲಸ ಮಾಡುತ್ತದೆ. ಮರಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಗದ್ದ ಮುಳುಗದಂತೆ, 15ರಿಂದ 20 ನಿಮಿಷ ನಿತ್ಯ ಬಿಡುವುದೂ ಸಹಕಾರಿ. ಆದರೆ ಶಾಖವಿಲ್ಲದ ತೇವ ಅಪಾಯಕರ ಎಂಬುದನ್ನು ಮರೆಯಬಾರದು. ಬೆಂಗಳೂರಿನ ಚಳಿಗಾಲದ ರಾತ್ರಿಯಲ್ಲಿ ಒದ್ದೆ ಹಾಸಿನ ಮೇಲೆ ಮಲಗಿದ ಮರಿಗೆ ಮೂಗು ಸೋರಿ ನ್ಯುಮೋನಿಯಾ ತಗಲಬಹುದು. ಪೆಟ್ಟಿಗೆಯ ಬೆಚ್ಚನೆಯ ತುದಿಯಲ್ಲಿ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ, ಉಳಿದೆಡೆ 27ರಿಂದ 30 ಡಿಗ್ರಿ ಇರುವುದು ಒಳಿತು.

ಸುಣ್ಣದಂಶ: ಮೊದಲು ಆಹಾರ, ಆಮೇಲೆ ಪುಡಿ

ಆಮೆಯ ಆಹಾರದಲ್ಲಿ ಒಂದು ಪಾಲು ರಂಜಕಕ್ಕೆ ಕನಿಷ್ಠ ಎರಡು ಪಾಲು ಕ್ಯಾಲ್ಸಿಯಂ ಇರಬೇಕು. ರಂಜಕ ಹೆಚ್ಚಾದರೆ ಅದು ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಬರುತ್ತದೆ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 5 ಮಿಲಿಗ್ರಾಂ ಕ್ಯಾಲ್ಸಿಯಂ, 22 ಮಿಲಿಗ್ರಾಂ ರಂಜಕವಿದೆ. ಸೌತೆಕಾಯಿ, ಟೊಮೆಟೊಗಳಲ್ಲಿಯೂ ರಂಜಕದ್ದೇ ಮೇಲುಗೈ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೂ ಅದರಲ್ಲಿರುವ ಆಕ್ಸಲೇಟ್ ಅದನ್ನು ಬಂಧಿಸಿಡುವುದರಿಂದ ದೇಹಕ್ಕೆ ದಕ್ಕುವುದು ಅತ್ಯಲ್ಪ. ಅನ್ನ, ಚಪಾತಿ, ನಾಯಿಯ ಆಹಾರ ಯಾವುದೂ ಆಮೆಗೆ ಸಲ್ಲದು.

ಸಲ್ಕಾಟಾ ಮೂಲತಃ ಹುಲ್ಲು ಮೇಯುವ ಪ್ರಾಣಿ. ಗರಿಕೆ ಹುಲ್ಲು ಅದರ ದಿನನಿತ್ಯದ ಊಟವಾಗಬೇಕು. ದಾಸವಾಳದ ಎಲೆ ಮತ್ತು ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ, ಔಷಧಿ ಸಿಂಪಡಿಸದ ಹಿಪ್ಪುನೇರಳೆ ಎಲೆಗಳನ್ನು ಜೊತೆಗೆ ಕೊಡಬಹುದು. ನುಗ್ಗೆ ಸೊಪ್ಪು ಅಪರೂಪಕ್ಕೆ ಸಾಕು.

ಇದರ ಮೇಲೆ ಪೂರಕವಾಗಿ ಕೊಡಬೇಕಾದದ್ದು ರಂಜಕ ಬೆರೆಯದ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ. ಅದರ ತೂಕದಲ್ಲಿ ಶೇ 40ರಷ್ಟು ಕ್ಯಾಲ್ಸಿಯಂ ಇರುತ್ತದೆ. ಕ್ಯಾಲ್ಸಿಯಂ ಗ್ಲುಕೊನೇಟ್‌ನಲ್ಲಿ ಇರುವುದು ಶೇ 9 ಮಾತ್ರ. ಬೆಳೆಯುವ ಮರಿ ಮತ್ತು ಮೊಟ್ಟೆಯಿಡುವ ಹೆಣ್ಣಿಗೆ ವಾರದಲ್ಲಿ ಮೂರು ನಾಲ್ಕು ದಿನ, ದೊಡ್ಡವಕ್ಕೆ ಒಂದೆರಡು ದಿನ ಚಿಟಿಕೆಯಷ್ಟು ಪುಡಿಯನ್ನು ಒದ್ದೆ ಸೊಪ್ಪಿನ ಮೇಲೆ ಉದುರಿಸಬೇಕು. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದೂ ಪಕ್ಷಿ ಸಾಕುವವರಲ್ಲಿ ಕಟಲ್‌ಬೋನ್ ಎಂದೂ ಹೆಸರಾದ ಬಿಳಿಯ ಹಗುರ ತುಂಡು ಬಹುತೇಕ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಸಿಹಿನೀರಿನಲ್ಲಿ ನೆನೆಸಿ ಉಪ್ಪು ಕಳೆದು, ಹಿಂಬದಿಯ ಗಟ್ಟಿ ಪದರ ತೆಗೆದು ಪೆಟ್ಟಿಗೆಯಲ್ಲಿ ಇಟ್ಟರೆ ಆಮೆ ತನಗೆ ಬೇಕೆನಿಸಿದಾಗ ಕಡಿಯುತ್ತದೆ. ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿದ ಕೋಳಿಮೊಟ್ಟೆಯ ಚಿಪ್ಪನ್ನೂ ಬಳಸಬಹುದು.

ಹೆಸರಿನ ಸಾಮ್ಯದಿಂದ ಮೋಸಹೋಗಬಾರದ ವಸ್ತುಗಳೂ ಇವೆ. ಎಲೆ-ಅಡಿಕೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್; ಅದು ಬಾಯಿ ಮತ್ತು ಅನ್ನನಾಳವನ್ನು ಸುಡುತ್ತದೆ. ಶಾಲೆಯ ಸೀಮೆಸುಣ್ಣದಲ್ಲಿ ಜಿಪ್ಸಂ ಇರಬಹುದು. ದನಗಳಿಗೆ ಕೊಡುವ ಖನಿಜ ಮಿಶ್ರಣದಲ್ಲಿ ರಂಜಕವೂ ಸೇರಿರುತ್ತದೆ.

ಬಿಸಿಲಿಲ್ಲದೆ ಸುಣ್ಣವಿಲ್ಲ

ತಿಂದ ಕ್ಯಾಲ್ಸಿಯಂ ರಕ್ತ ಸೇರಲು ಡಿ3 ಜೀವಸತ್ವ ಬೇಕು. ಬಿಸಿಲಿನಲ್ಲಿರುವ 290ರಿಂದ 315 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣಗಳು ತಾಗಿದಾಗ ಆಮೆಯ ಚರ್ಮದಲ್ಲಿ ಅದು ತಯಾರಾಗುತ್ತದೆ. ಕಿಟಕಿಯ ಗಾಜು ಈ ಕಿರಣಗಳನ್ನು ಬಹುಪಾಲು ತಡೆಯುವುದರಿಂದ ಗಾಜಿನ ಹಿಂದಿನ ಬಿಸಿಲು ಪ್ರಯೋಜನಕ್ಕೆ ಬಾರದು. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ಆಮೆ ಶಾಖಕ್ಕೆ ಸಾಯಬಹುದು. ತೆರೆದ ಜಾಗದಲ್ಲಿ, ಪಕ್ಕದಲ್ಲೇ ನೆರಳಿರುವಂತೆ ನೋಡಿಕೊಂಡು ಬಿಡಬೇಕು. ಬಿಸಿಲೇ ಸಿಗದ ಮನೆಯಲ್ಲಿ ಸರೀಸೃಪಗಳಿಗೆಂದೇ ಇರುವ ಯುವಿಬಿ ದೀಪ ಅಗತ್ಯ. ಬೆಳಕು ಬರುತ್ತಿದ್ದರೂ ಕಿರಣದ ಶಕ್ತಿ ಕುಂದುವುದರಿಂದ ತಯಾರಕರ ಸೂಚನೆಯಂತೆ 6ರಿಂದ 12 ತಿಂಗಳಿಗೊಮ್ಮೆ ಬದಲಿಸಬೇಕು.

ನಿತ್ಯ ಬಿಸಿಲು ಕಾಣುವ ಆಮೆಗೆ ಡಿ3 ಬೆರೆಸದ ಕ್ಯಾಲ್ಸಿಯಂ ಸಾಕು. ಮನುಷ್ಯರ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಡಿ3 ಸೇರಿರುತ್ತದೆ. ಅದು ಮಿತಿಮೀರಿದರೆ ಕ್ಯಾಲ್ಸಿಯಂ ಮೂತ್ರಪಿಂಡ ಮತ್ತು ರಕ್ತನಾಳಗಳಲ್ಲಿ ಗಟ್ಟಿಗಟ್ಟುತ್ತದೆ. ಆದ್ದರಿಂದ ಡಿ3 ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು.

ವೈದ್ಯರ ಬಳಿಗೆ ಯಾವಾಗ?

* ಆಮೆ ಮಣ್ಣು, ಕಲ್ಲುಗಳನ್ನು ಪದೇ ಪದೇ ನುಂಗುತ್ತಿದ್ದರೆ. ಅಮೆರಿಕದ ಮೊಹಾವಿ ಮರುಭೂಮಿಯ ಆಮೆಗಳು ಸುಣ್ಣದಂಶಕ್ಕಾಗಿ ನೆಲವನ್ನು ಅಗೆದು ತಿನ್ನುವುದು ದಾಖಲಾಗಿದೆ. ಮನೆಯ ಆಮೆಯಲ್ಲಿಯೂ ಇದು ಕೊರತೆಯ ಸೂಚನೆ ಇರಬಹುದು.
* ಎಂದಿನಂತೆ ಮಲವಿಸರ್ಜನೆಯಾಗದೆ ಆಹಾರ ಬಿಟ್ಟರೆ ಅಥವಾ ತಿಣುಕುತ್ತಿದ್ದರೆ. ಹರಳೆಣ್ಣೆಯಂತಹ ಮನೆಮದ್ದು ಬೇಡ, ಎಕ್ಸ್‌ರೇ ತೆಗೆಸಬೇಕು.
* ದೇಹವನ್ನು ನೆಲದಿಂದ ಮೇಲೆತ್ತಿ ನಡೆಯಲಾಗದಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ.
* ಚಿಪ್ಪು ಮೆತ್ತಗಾದರೆ, ಅಡಿಭಾಗದಲ್ಲಿ ಕೆಂಪು ಕಲೆ ಅಥವಾ ದುರ್ವಾಸನೆ ಕಂಡರೆ.
* ಮೂಗು ಸೋರಿದರೆ, ಬಾಯಿ ತೆರೆದು ಉಸಿರಾಡಿದರೆ.

ಎಲ್ಲ ಪಶುವೈದ್ಯರೂ ಸರೀಸೃಪಗಳಿಗೆ ಚಿಕಿತ್ಸೆ ನೀಡುವುದಿಲ್ಲ. ಅಂತಹ ವೈದ್ಯರು ಎಲ್ಲಿದ್ದಾರೆಂದು ಮರಿಯನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು. ಆಮೆ ಕೂಗುವುದಿಲ್ಲ, ನೋವನ್ನು ತೋರಿಸುವುದೂ ಕಡಿಮೆ. ಎರಡು ವಾರಕ್ಕೊಮ್ಮೆ ತೂಕ ನೋಡಿ ಬರೆದಿಟ್ಟುಕೊಂಡರೆ ಕಣ್ಣಿಗೆ ಬೀಳುವ ಮೊದಲೇ ತೊಂದರೆ ತಿಳಿಯುತ್ತದೆ.