ಹವ್ಯಾಸಿ ಕ್ರೀಡಾ ಕ್ಲಬ್‌ಗಳಲ್ಲಿ ಮದ್ದಿನ ದುರ್ಬಳಕೆ: ತಡೆ ಮತ್ತು ನಿರ್ವಹಣೆ

ಜಿಲ್ಲಾ, ತಾಲ್ಲೂಕು ಮಟ್ಟದ ಕ್ಲಬ್‌ಗಳು, ಗರಡಿಮನೆಗಳು, ಕಾಲೇಜು ತಂಡಗಳು, ಜಿಮ್‌ಗಳು ಇವೆಲ್ಲ ಆಟವನ್ನು ವೃತ್ತಿಯಾಗಿ ಮಾಡಿಕೊಳ್ಳದವರು ಸೇರುವ ಜಾಗಗಳು. ಇಲ್ಲಿ ಮದ್ದಿನ ಪಿಡುಗು ಎರಡು ರೂಪದಲ್ಲಿ ಕಾಣಿಸುತ್ತದೆ. ಬಲ, ವೇಗ, ದಮ್ಮು ಹೆಚ್ಚಿಸಿಕೊಳ್ಳಲು ಉದ್ದೀಪನ ಮದ್ದು ಸೇವಿಸುವುದು ಒಂದು. ಆಟಕ್ಕೆ ಸಂಬಂಧವೇ ಇಲ್ಲದೆ ಗಾಂಜಾ, ಎಂಡಿಎಂಎಯಂಥ ಮಾದಕ ವಸ್ತುಗಳಿಗೆ ಬೀಳುವುದು ಇನ್ನೊಂದು. ಎರಡಕ್ಕೂ ಕಾನೂನು ಬೇರೆ, ಪರಿಹಾರವೂ ಬೇರೆ. ಆದರೆ ಒಳಬರುವ ದಾರಿಯಲ್ಲಿ ಹೋಲಿಕೆಯಿದೆ. ಹುಡುಗನ ಕೈಗೆ ಮದ್ದು ಕೊಡುವವರು ಹೆಚ್ಚಾಗಿ ಅವನು ನಂಬಿದವರೇ: ಸೀನಿಯರ್ ಆಟಗಾರ, ಜಿಮ್ ಟ್ರೈನರ್, ಪರಿಚಯದ ಮೆಡಿಕಲ್ ಶಾಪಿನವರು, ಕೆಲವೊಮ್ಮೆ ಕೋಚ್. ಆದ್ದರಿಂದ ಕ್ಲಬ್ಬಿನ ಎಚ್ಚರ ಮೊದಲು ನೆಡಬೇಕಾದದ್ದು ಕೊಡುವ ಕೈಯ ಮೇಲೆ.

ಹಿನ್ನೆಲೆ

ಉದ್ದೀಪನ ಮದ್ದು ಒಲಿಂಪಿಕ್ಸ್ ಮಟ್ಟದವರ ಸಮಸ್ಯೆ ಎಂಬ ಭಾವನೆ ಇನ್ನೂ ಹೋಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟದಲ್ಲಿ ನಡೆದದ್ದನ್ನು ಕಂಡವರಿಗೆ ಆ ಭಾವನೆ ಉಳಿಯದು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ (ನಾಡಾ) ಸಿಬ್ಬಂದಿ ಪರೀಕ್ಷೆಗೆ ಬಂದಿದ್ದಾರೆಂದು ಗೊತ್ತಾದದ್ದೇ ತಡ, ಸ್ಪರ್ಧಿಗಳು ಜಾಗ ಖಾಲಿ ಮಾಡಿದರು. ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ. ಕ್ರೀಡಾಂಗಣದ ಶೌಚಾಲಯದಲ್ಲಿ ಬಿದ್ದಿದ್ದ ಸಿರಿಂಜ್‌ಗಳ ವಿಡಿಯೊ ದೇಶವೆಲ್ಲ ಹರಿದಾಡಿತು. ಅದೇ ವರ್ಷ ಭಾರತದಲ್ಲಿ ಪರೀಕ್ಷೆಯಾದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ಮದ್ದು ಪತ್ತೆಯಾಯಿತು. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳ ಪೈಕಿ ಶೇ 3.8ರ ಈ ಪ್ರಮಾಣವೇ ಅತಿ ಹೆಚ್ಚು. ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದ ನೌಕರಿ ಒಂದು ಪದಕದ ಮೇಲೆ ನಿಂತಿರುವಾಗ ಬಡಮನೆಯ ಹುಡುಗನ ಮೇಲೆ ಬೀಳುವ ಒತ್ತಡ ಸಣ್ಣದಲ್ಲ. ನೌಕರಿಯ ಆಸೆ ಇಲ್ಲದ ಕಡೆಯೂ ಪಿಡುಗು ಇದೆ: ಬ್ರಿಟನ್ನಿನಲ್ಲಿ 2010ರ ದಶಕದ ನಿಷೇಧ ಪಟ್ಟಿಗಳಲ್ಲಿ ವೇಲ್ಸ್‌ನ ಹವ್ಯಾಸಿ ರಗ್ಬಿ ಆಟಗಾರರ ಹೆಸರುಗಳು ಎದ್ದು ಕಂಡವು.

ವಿಶ್ವ ಉದ್ದೀಪನ ಮದ್ದು ತಡೆ ಘಟಕ (ವಾಡಾ) 1999ರಲ್ಲಿ ಹುಟ್ಟಿತು. ಅದರ ಸಂಹಿತೆ 2004ರಲ್ಲಿ ಜಾರಿಗೆ ಬಂತು. ನಿಷೇಧಿತ ಮದ್ದುಗಳ ಪಟ್ಟಿ ಪ್ರತಿ ಜನವರಿ 1ರಂದು ಹೊಸದಾಗುತ್ತದೆ. ನೋವುನಿವಾರಕ ಟ್ರಮಡಾಲ್ 2024ರಿಂದ ಸ್ಪರ್ಧೆಯ ವೇಳೆ ನಿಷಿದ್ಧ. ಅದರ ಹಿಂದಿನ ವರ್ಷ ಹಾಗಿರಲಿಲ್ಲ. ಹಳೆಯ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಮರೆತ ಕ್ಲಬ್ ತನ್ನ ಆಟಗಾರರನ್ನು ದಾರಿ ತಪ್ಪಿಸಿದಂತೆಯೇ. ಭಾರತದಲ್ಲಿ ನಾಡಾಗೆ ಶಾಸನದ ಬಲ ಕೊಟ್ಟದ್ದು 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ.

ಬಳಕೆಯಾಗುವ ಮದ್ದುಗಳು

ಜಿಮ್ ಮತ್ತು ಮೈದಾನಗಳಲ್ಲಿ ಹೆಚ್ಚು ಸುಳಿಯುವುದು ಸ್ಟೆರಾಯ್ಡ್‌ಗಳು: ಸ್ಟಾನೊಜೊಲಾಲ್, ನಾಂಡ್ರೊಲೋನ್, ಟೆಸ್ಟೊಸ್ಟಿರೋನ್. ಸ್ನಾಯು ಬೆಳೆದದ್ದು ಕನ್ನಡಿಯಲ್ಲಿ ಕಾಣುತ್ತದೆ. ಯಕೃತ್ತಿಗೆ ಆದ ಹಾನಿ, ದಪ್ಪಗಾದ ಹೃದಯದ ಗೋಡೆ, ಕುಗ್ಗಿದ ವೃಷಣ, ಬಂಜೆತನ ಕಾಣುವುದಿಲ್ಲ. ಹದಿಹರೆಯದವರಲ್ಲಿ ಎಲುಬಿನ ತುದಿಗಳು ಬೇಗ ಮುಚ್ಚಿ ಎತ್ತರವೇ ನಿಲ್ಲಬಹುದು. ಮದ್ದು ಬಿಟ್ಟ ಮೇಲೆ ಕವಿಯುವ ಖಿನ್ನತೆಯ ಬಗ್ಗೆ ಕ್ಲಬ್‌ಗಳಲ್ಲಿ ಯಾರೂ ಮಾತಾಡುವುದಿಲ್ಲ. ಮೊದಲು ಮಾತಾಡಬೇಕಾದದ್ದು ಅದರ ಬಗ್ಗೆ. ಮೆಫೆಂಟರ್ಮಿನ್ ಚುಚ್ಚುಮದ್ದಿನ ಕಥೆ ಇನ್ನೂ ಕಳವಳದ್ದು. ಶಸ್ತ್ರಚಿಕಿತ್ಸೆಯ ವೇಳೆ ಕುಸಿದ ರಕ್ತದೊತ್ತಡವನ್ನು ಮೇಲೆತ್ತಲು ಅರಿವಳಿಕೆ ವೈದ್ಯರು ಬಳಸುವ ಔಷಧ ಇದು. ವ್ಯಾಯಾಮಕ್ಕೆ ಮುಂಚೆ ಹುರುಪಿಗಾಗಿ ಇದನ್ನು ಚುಚ್ಚಿಕೊಳ್ಳುವ ಚಟ ಜಿಮ್‌ಗಳಿಗೆ ಹೊಕ್ಕಿದೆ. ಇದು ಅವಲಂಬನೆಗೂ ಚಿತ್ತಭ್ರಮೆಗೂ ಎಡೆಮಾಡುತ್ತದೆ. ಒಂದೇ ಸೂಜಿ ಹಂಚಿಕೊಂಡರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡುವ ಭಯ ಬೇರೆ.

ಗೊತ್ತಿಲ್ಲದೆ ಸಿಕ್ಕಿಬೀಳುವವರೂ ಇದ್ದಾರೆ. ಕ್ರಿಕೆಟಿಗ ಪೃಥ್ವಿ ಶಾ ಮಾದರಿಯಲ್ಲಿ 2019ರಲ್ಲಿ ಟರ್ಬುಟಲಿನ್ ಸಿಕ್ಕಿತು. ಕೆಮ್ಮಿನ ಸಿರಪ್ ಕುಡಿದಿದ್ದೆ ಎಂಬ ಅವರ ವಿವರಣೆಯನ್ನು ಬಿಸಿಸಿಐ ಒಪ್ಪಿತು. ಆದರೂ ಎಂಟು ತಿಂಗಳ ನಿಷೇಧ ತಪ್ಪಲಿಲ್ಲ. 2011ರಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಸೇರಿದಂತೆ ರಿಲೇ ಓಟಗಾರ್ತಿಯರ ಮಾದರಿಗಳಲ್ಲಿ ಸ್ಟೆರಾಯ್ಡ್ ಕಂಡುಬಂತು. ತರಬೇತುದಾರರು ಕೊಟ್ಟ ಜಿನ್ಸೆಂಗ್‌ನಲ್ಲಿ ಅದು ಬೆರೆತಿತ್ತು ಎಂದು ಅವರು ವಾದಿಸಿದರು. ಮೊದಲು ಬಂದದ್ದು ಒಂದು ವರ್ಷದ ನಿಷೇಧ. ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ದೇಹದೊಳಗೆ ಸಿಕ್ಕ ಮದ್ದಿಗೆ ಆಟಗಾರನೇ ಹೊಣೆ ಎಂಬುದು ನಿಯಮ. ನಿಯಮ ಬೇಕು, ನಿಜ. ಆದರೆ ನಂಬಿ ನುಂಗಿದವರೇ ಎಲ್ಲ ಭಾರ ಹೊರುವ ಇಂಥ ಪ್ರಕರಣಗಳನ್ನು ನೋಡಿದಾಗ ತರಬೇತುದಾರರ ಹೊಣೆ ಎಷ್ಟು ದೊಡ್ಡದೆಂದು ಮನಸ್ಸಿಗೆ ನಾಟುತ್ತದೆ.

ತಡೆ

ವರ್ಷಕ್ಕೊಮ್ಮೆ ಭಾಷಣ ಮಾಡಿಸಿ ಪ್ರತಿಜ್ಞೆ ಬೋಧಿಸಿದರೆ ಹೆಚ್ಚೇನೂ ಆಗುವುದಿಲ್ಲ. ಕ್ಲಬ್ಬಿನಲ್ಲಿ ಯಾರು ಯಾರಿಗೆ ಏನು ಕೊಡಬಹುದು ಎಂಬುದನ್ನು ಬರೆದಿಟ್ಟರೆ ಆಗುತ್ತದೆ. ಕೋಚ್ ಆಗಲಿ, ಮ್ಯಾನೇಜರ್ ಆಗಲಿ, ವೈದ್ಯರ ಚೀಟಿಯಿಲ್ಲದೆ ಆಟಗಾರರಿಗೆ ಮಾತ್ರೆ, ಪುಡಿ, ಚುಚ್ಚುಮದ್ದು ಕೊಡಕೂಡದು ಎಂಬ ಒಂದೇ ನಿಯಮ ಅರ್ಧ ಬಾಗಿಲು ಮುಚ್ಚುತ್ತದೆ. ಪ್ರೋಟೀನ್ ಪುಡಿ ಮಾರುವ ಅಂಗಡಿಯಿಂದ ಕೋಚ್ ಕಮಿಷನ್ ಪಡೆಯುವುದನ್ನು ಸ್ಪಷ್ಟವಾಗಿ ನಿಷೇಧಿಸಬೇಕು. ಸಲಹೆ ಕೊಡುವವನಿಗೆ ಲಾಭವಿದ್ದರೆ ಆ ಸಲಹೆಯನ್ನು ನಂಬುವಂತಿಲ್ಲ. ಹೊಸ ಕೋಚನ್ನು ತೆಗೆದುಕೊಳ್ಳುವ ಮುಂಚೆ ಆತ ನಿಷೇಧಕ್ಕೆ ಒಳಗಾಗಿದ್ದಾನೆಯೇ ಎಂದು ನೋಡಬೇಕು. ನಿಷೇಧಿತ ತರಬೇತುದಾರನ ಬಳಿ, ಗೊತ್ತಿದ್ದೂ ಕಲಿಯುವುದು ಆಟಗಾರನ ಪಾಲಿಗೂ ಉಲ್ಲಂಘನೆಯಾಗುತ್ತದೆ.

ಔಷಧದಲ್ಲಿ ನಿಷೇಧಿತ ಅಂಶವಿದೆಯೇ ಎಂದು ನೋಡಲು ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್ ಇದೆ. ಕಾಯಿಲೆ ಇದ್ದವರು ಭಯದಿಂದ ಔಷಧ ಬಿಡುವುದು ಇನ್ನೊಂದು ಅಪಾಯ. ಆಸ್ತಮಾದವರು ಸಾಲ್ಬುಟಮಾಲ್ ಇನ್‌ಹೇಲರ್ ಬಳಸಬಹುದು. 24 ಗಂಟೆಗೆ 1,600 ಮೈಕ್ರೊಗ್ರಾಂ, ಅದರಲ್ಲೂ ಯಾವ 8 ಗಂಟೆಯಲ್ಲೂ 600 ಮೀರದಂತೆ. ನಿಷೇಧಿತ ಔಷಧವೇ ಬೇಕಾದ ರೋಗಿಗಳಿಗೆ ಚಿಕಿತ್ಸಾ ವಿನಾಯಿತಿ ಸಿಗುತ್ತದೆ. ರಾಷ್ಟ್ರಮಟ್ಟಕ್ಕೆ ಏರದ ಹವ್ಯಾಸಿಗಳು ಪರೀಕ್ಷೆಯಾದ ಮೇಲೂ ಅದಕ್ಕೆ ಅರ್ಜಿ ಹಾಕಬಹುದು.

ಪ್ರಕರಣ ಎದುರಾದಾಗ

ಮಾದರಿ ಕೊಡಲು ನಿರಾಕರಿಸುವುದು, ಓಡಿಹೋಗುವುದು ಸ್ವತಃ ಅಪರಾಧ. ನಾಲ್ಕು ವರ್ಷದವರೆಗೆ ನಿಷೇಧವಾಗಬಹುದು. ಇದನ್ನು ಆಟಗಾರರಿಗೆ ಮೊದಲೇ ಹೇಳಿರಬೇಕು. ಜೊತೆಗೊಬ್ಬ ಪ್ರತಿನಿಧಿಯನ್ನು ಕರೆದೊಯ್ಯುವುದು, ‘ಎ’ ಮಾದರಿಯಲ್ಲಿ ಮದ್ದು ಸಿಕ್ಕರೆ ‘ಬಿ’ ಮಾದರಿ ಪರೀಕ್ಷಿಸಲು ಕೇಳುವುದು ಆಟಗಾರನ ಹಕ್ಕು. ಆಟಗಾರ ಅಪ್ರಾಪ್ತನಾಗಿದ್ದರೆ ಕ್ಲಬ್ ಒಬ್ಬ ಹಿರಿಯರನ್ನು ಕಳಿಸಲೇಬೇಕು. ಇಂಥ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡುವ ಕ್ಲಬ್ಬಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ಅರ್ಹತೆಯಿಲ್ಲ.

ತೆಗೆದುಕೊಂಡವನನ್ನೂ ಕೊಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ವಾಡಾ ಸಂಹಿತೆಯೂ ತೂಗುವುದಿಲ್ಲ. ಹವ್ಯಾಸಿಯ ತಪ್ಪು ಗಂಭೀರವಲ್ಲವೆಂದು ಸಾಬೀತಾದರೆ ಶಿಕ್ಷೆ ಬರಿಯ ಛೀಮಾರಿಯವರೆಗೂ ಇಳಿಯಬಹುದು. ಮದ್ದು ಸಾಗಿಸಿದವನಿಗೆ, ಚುಚ್ಚಿದವನಿಗೆ ಕನಿಷ್ಠ ನಾಲ್ಕು ವರ್ಷ. ಎಳೆಯ ಆಟಗಾರರಿಗೆ ಸ್ಟೆರಾಯ್ಡ್ ಕೊಟ್ಟ ತರಬೇತುದಾರನಿಗೆ ಜೀವಮಾನವಿಡೀ ನಿಷೇಧ. ದೂರು ಕೊಟ್ಟವರನ್ನು ಬೆದರಿಸುವುದೂ 2021ರ ಸಂಹಿತೆಯಲ್ಲಿ ಉಲ್ಲಂಘನೆ. ‘ಕ್ಲಬ್ಬಿನ ಮರ್ಯಾದೆ’ಯ ಹೆಸರಲ್ಲಿ ಬಾಯಿ ಮುಚ್ಚಿಸುವ ಪದಾಧಿಕಾರಿಗಳು ಇದನ್ನು ಓದಿಕೊಳ್ಳಬೇಕು.

ಮಾದಕ ವಸ್ತುಗಳಿಗೆ ಬೇರೆ ಲೆಕ್ಕ. ಕೊಕೇನ್, ಹೆರಾಯಿನ್, ಎಂಡಿಎಂಎ, ಗಾಂಜಾದ ಟಿಎಚ್‌ಸಿಯನ್ನು ಸ್ಪರ್ಧೆಯ ಹೊರಗೆ, ಆಟಕ್ಕೆ ಸಂಬಂಧವಿಲ್ಲದೆ ಸೇವಿಸಿದ್ದರೆ ನಿಷೇಧ ಮೂರು ತಿಂಗಳು. ಚಿಕಿತ್ಸೆ ಪೂರೈಸಿದರೆ ಒಂದೇ ತಿಂಗಳು. ದೇಶದ ಕಾನೂನು ಇನ್ನೂ ಗಡುಸು. 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಂ ಪ್ರಕಾರ, ಗೊತ್ತಿದ್ದೂ ತನ್ನ ಜಾಗದಲ್ಲಿ ಇಂಥ ಅಪರಾಧಕ್ಕೆ ಎಡೆ ಕೊಟ್ಟವರೂ ಶಿಕ್ಷಾರ್ಹರು. ಕ್ಲಬ್ಬಿನ ಕೋಣೆಯೂ ಇದಕ್ಕೆ ಹೊರತಲ್ಲ. ಅದೇ ಕಾಯ್ದೆಯ 64ಎ ಕಲಂ, ತಾವಾಗಿ ಚಿಕಿತ್ಸೆಗೆ ಮುಂದಾದ ವ್ಯಸನಿಗಳಿಗೆ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ವ್ಯಸನಮುಕ್ತಿಗೆ ಉಚಿತ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಯಾರಾದರೂ ಎಚ್ಚರ ತಪ್ಪಿ ಬಿದ್ದಿದ್ದು ಉಸಿರಾಟವಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು, ಏನು ಸೇವಿಸಿದ್ದರೆಂದು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ವಿಚಾರಣೆ ಆಮೇಲೆ.

ನಿಷೇಧಕ್ಕೊಳಗಾದವನು ಆ ಅವಧಿಯಲ್ಲಿ ಆಡುವಂತಿಲ್ಲ, ತಂಡದೊಡನೆ ಅಭ್ಯಾಸ ಮಾಡುವಂತಿಲ್ಲ, ಬೇರೊಂದು ಆಟಕ್ಕೆ ಕೋಚ್ ಆಗಿಯೂ ಬರುವಂತಿಲ್ಲ. ಕೊನೆಯ ಎರಡು ತಿಂಗಳು ಅಥವಾ ಶಿಕ್ಷೆಯ ಕೊನೆಯ ಕಾಲುಭಾಗ, ಯಾವುದು ಕಡಿಮೆಯೋ ಅಷ್ಟು ದಿನ ಮಾತ್ರ ಅಭ್ಯಾಸಕ್ಕೆ ಮರಳಲು ಅವಕಾಶವಿದೆ. ಮನೆಗೆ ಹೋಗಿ ಮಾತಾಡಿಸುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಸ್ಟೆರಾಯ್ಡ್ ಬಿಟ್ಟವರನ್ನು ಖಿನ್ನತೆ ಕಾಡುವುದೂ ಈ ತಿಂಗಳುಗಳಲ್ಲೇ. ಆದ್ದರಿಂದ ಕ್ಲಬ್ಬಿನ ಹಿರಿಯರೊಬ್ಬರಿಗೆ ಈ ಕೆಲಸವನ್ನು ಹೆಸರಿಟ್ಟು ವಹಿಸುವುದು ಒಳ್ಳೆಯದು.