ಹಿಂಡು ಕಟ್ಟಿ ಗೆದ್ದವರು

1993ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಕಾರ್ಡ್ ಆಟದ ಮೊದಲ ಮುದ್ರಣದಲ್ಲಿ ‘ಪ್ಲೇಗ್ ರ‍್ಯಾಟ್ಸ್’ ಎಂಬ ಸಾಧಾರಣ ಎಲೆಯೊಂದಿತ್ತು. ಕಣದಲ್ಲಿ ಅಂಥ ಇಲಿಗಳು ಎಷ್ಟಿವೆಯೋ ಒಂದೊಂದು ಇಲಿಯ ಬಲವೂ ಅಷ್ಟು. ಒಂದೇ ಇದ್ದರೆ ಒಂದು. ಎರಡಿದ್ದರೆ ಎರಡೆರಡರಂತೆ ನಾಲ್ಕು. ಮೂರಕ್ಕೆ ಒಂಬತ್ತು, ನಾಲ್ಕಕ್ಕೆ ಹದಿನಾರು. ಐದನೆಯದು ಬಂದಿಳಿದರೆ ಲೆಕ್ಕ ಇಪ್ಪತ್ತೈದಕ್ಕೆ ಹೋಗುತ್ತದೆ. ಈ ಆಟದಲ್ಲಿ ಪ್ರತಿಯೊಬ್ಬರ ಜೀವ ಶುರುವಾಗುವುದು 20ರಿಂದ. ಒಂಟಿಯಾಗಿ ಯಾರೂ ಹೆದರದ ಇಲಿ, ಐದಾದ ಕೂಡಲೇ ಒಂದೇ ದಾಳಿಯಲ್ಲಿ ಎದುರಾಳಿಯ ಕಥೆ ಮುಗಿಸಬಲ್ಲದು.

ದೊಡ್ಡ ದೊಡ್ಡ ಡ್ರ್ಯಾಗನ್ನುಗಳ ಚಿತ್ರ ನೋಡಿ ಈ ಆಟಕ್ಕೆ ಮರುಳಾದವರು ಲಕ್ಷಾಂತರ. ಆದರೆ ಆಟವನ್ನು ನಿಜವಾಗಿ ಅರ್ಥ ಮಾಡಿಸಿದ್ದು ಡ್ರ್ಯಾಗನ್ ಅಲ್ಲ, ಇಂಥ ಅಗ್ಗದ ಚಿಲ್ಲರೆ ಜೀವಿಗಳ ಹಿಂಡು. ಅದನ್ನು ಕಟ್ಟಿದವರು, ತಿದ್ದಿದವರು, ಅದಕ್ಕೆ ಕಡಿವಾಣ ಹಾಕಲು ಹೆಣಗಿದವರು, ಈ ಮೂರೂ ಬಣಗಳ ಮೂವತ್ತು ವರ್ಷಗಳ ಚರಿತ್ರೆ ಹೇಳಿಕೊಳ್ಳುವಂಥದ್ದು.

ಆಟದ ಜನಕ ರಿಚರ್ಡ್ ಗಾರ್ಫೀಲ್ಡ್ ಗಣಿತದವರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅದೇ 1993ರಲ್ಲಿ ಡಾಕ್ಟರೇಟ್ ಪಡೆದವರು. ಸಿಯಾಟಲ್ ಸುತ್ತಿನ ಸಣ್ಣ ಕಂಪನಿ ವಿಜರ್ಡ್ಸ್ ಆಫ್ ದಿ ಕೋಸ್ಟ್‌ನ ಪೀಟರ್ ಆಡ್ಕಿಸನ್ ಅವರಿಗೆ ಬೇಕಿದ್ದದ್ದು ಕಡಿಮೆ ಖರ್ಚಿನಲ್ಲಿ ಅಚ್ಚಾಗುವ, ಜೇಬಿನಲ್ಲಿ ಹಿಡಿಯುವ, ಬೇಗ ಮುಗಿಯುವ ಒಂದು ಆಟ. ಗಾರ್ಫೀಲ್ಡ್ ಕೊಟ್ಟದ್ದು ಅದಕ್ಕಿಂತ ಹೆಚ್ಚಿನದು. ಇಸ್ಪೀಟಿನಲ್ಲಿ ಇಡೀ ಮೇಜಿಗೆ ಒಂದೇ ಕಟ್ಟು. ಇಲ್ಲಿ ಪ್ರತಿ ಆಟಗಾರನೂ ತನ್ನ ಕಟ್ಟನ್ನು, ಅಂದರೆ ಡೆಕ್ಕನ್ನು, ಮನೆಯಲ್ಲೇ ಕಟ್ಟಿಕೊಂಡು ಬರಬೇಕು. ಭೂಮಿಯ ಎಲೆಗಳನ್ನು ಸರದಿಗೊಂದರಂತೆ ಇಳಿಸುತ್ತ ಹೋದರೆ ‘ಮಾನಾ’ ಎಂಬ ಶಕ್ತಿ ಹುಟ್ಟುತ್ತದೆ. ಎಲೆಯ ಬಣ್ಣಕ್ಕೆ ಹೊಂದುವ ಮಾನಾ ಕೊಟ್ಟು ಜೀವಿಗಳನ್ನೂ ಮಂತ್ರಗಳನ್ನೂ ಕಣಕ್ಕೆ ತರಬೇಕು. ಬೆಲ್ಜಿಯಂನಲ್ಲಿ ಅಚ್ಚಾದ ಮೊದಲ 26 ಲಕ್ಷ ಎಲೆಗಳು ನೋಡನೋಡುತ್ತಲೇ ಖಾಲಿಯಾದವು.

ಆಗ ಒಂದು ಡೆಕ್ಕಿಗೆ ಕನಿಷ್ಠ 40 ಎಲೆ ಇದ್ದರೆ ಸಾಕಿತ್ತು. ಒಂದೇ ಎಲೆಯ ಎಷ್ಟು ಪ್ರತಿ ಬೇಕಾದರೂ ಹಾಕಬಹುದಿತ್ತು. ಜನ ಒಂದೆರಡು ಪೊಟ್ಟಣ ಕೊಳ್ಳುತ್ತಾರೆ, ಸಿಕ್ಕಿದ್ದರಲ್ಲೇ ಆಡುತ್ತಾರೆ ಎಂಬುದು ಗಾರ್ಫೀಲ್ಡ್ ಲೆಕ್ಕಾಚಾರ. ಜನ ಪೆಟ್ಟಿಗೆಗಟ್ಟಲೆ ಕೊಂಡರು. ಇಲಿಗಳನ್ನೇ ಕಲೆಹಾಕಿ, ಭೂಮಿ ಬಿಟ್ಟರೆ ಮಿಕ್ಕಿದ್ದೆಲ್ಲ ಇಲಿಯೇ ಎನ್ನುವಂಥ ಡೆಕ್ಕುಗಳನ್ನು ಕಟ್ಟಿದರು. 1994ರಲ್ಲಿ ಪಂದ್ಯಾವಳಿಗಳ ನಿಯಮ ಬಂತು: ಡೆಕ್ಕಿಗೆ ಕನಿಷ್ಠ 60 ಎಲೆ, ಮೂಲ ಭೂಮಿಗಳನ್ನು ಬಿಟ್ಟು ಯಾವುದೇ ಎಲೆ ನಾಲ್ಕಕ್ಕಿಂತ ಹೆಚ್ಚಿರಕೂಡದು. ಇಲಿಗಳ ಹಾವಳಿ ಅಲ್ಲಿಗೆ ನಿಂತಿತು. ಹಿಂಡು ಕಟ್ಟುವ ಕಲೆ ಹುಟ್ಟಿದ್ದು ಈ ಕಟ್ಟುಪಾಡಿನಿಂದಲೇ ಎಂದರೆ ತಪ್ಪಾಗದು.

ಯಾಕೆಂದರೆ ನಾಲ್ಕರ ಮಿತಿ ಆಟಗಾರನನ್ನು ಲೆಕ್ಕಕ್ಕೆ ಹಚ್ಚಿತು. 60 ಎಲೆಯ ಡೆಕ್ಕಿನಲ್ಲಿ ಒಂದು ಎಲೆಯ ನಾಲ್ಕು ಪ್ರತಿ ಇದ್ದರೆ, ಶುರುವಿನ ಏಳು ಎಲೆಗಳಲ್ಲಿ ಅದೊಂದಾದರೂ ಸಿಗುವ ಸಾಧ್ಯತೆ ಶೇ 40. ಒಂದೇ ಮಾನಾ ಬೇಡುವ ಜೀವಿಗಳು ಎರಡು ಬಗೆ, ಒಟ್ಟು ಎಂಟಿದ್ದರೆ ಸಾಧ್ಯತೆ ಶೇ 65ಕ್ಕೆ ಏರುತ್ತದೆ. ಹನ್ನೆರಡಿದ್ದರೆ ಶೇ 81. ಅಂದರೆ ‘ಈ ಎಲೆ ಬೇಕೇಬೇಕು’ ಎಂಬ ಹಟ ಬಿಟ್ಟು, ಅದೇ ಕೆಲಸ ಮಾಡುವ ಇನ್ನೊಂದು, ಮತ್ತೊಂದು ಎಲೆಯನ್ನು ಹುಡುಕಬೇಕು. ಮೊದಲ ಸರದಿಯಲ್ಲೇ ಇಳಿದ ಎರಡು ಬಲದ ಜೀವಿಗೆ ಯಾರೂ ಅಡ್ಡ ಬರದಿದ್ದರೆ ಐದನೇ ಸರದಿಯ ಹೊತ್ತಿಗೆ ಅದು ನಾಲ್ಕು ಸಲ ಹೊಡೆದು ಎಂಟು ಜೀವ ಕಸಿದಿರುತ್ತದೆ. ಅದೇ ಜೀವಿ ನಾಲ್ಕನೇ ಸರದಿಯಲ್ಲಿ ಇಳಿದರೆ ಕಸಿಯುವುದು ಬರೀ ಎರಡು. ಹಿಂಡಿನ ಆಟದಲ್ಲಿ ತಡವಾಗಿ ಬಂದ ಎಲೆಗೂ ಬಾರದ ಎಲೆಗೂ ಹೆಚ್ಚು ಅಂತರವಿಲ್ಲ.

ಈ ಸತ್ಯವನ್ನು ಮೊದಲು ಶಿಸ್ತಾಗಿ ಹಿಡಿದವರು ಅಮೆರಿಕದ ಜೇ ಶ್ನೈಡರ್. ಅವರು ಜೋಡಿಸಿದ ಕೆಂಪು ಡೆಕ್ಕನ್ನು 1996ರಲ್ಲಿ ಅಟ್ಲಾಂಟಾದ ಅರ್ಹತಾ ಪಂದ್ಯಾವಳಿಯಲ್ಲಿ ಆಡಿ ಎರಡನೇ ಸ್ಥಾನಕ್ಕೆ ಒಯ್ದವರು ಪಾಲ್ ಸ್ಲೈ. ಅದರ ಎಲೆಗಳ ಪಟ್ಟಿ ನೋಡಿದರೆ ಇಂದಿಗೂ ಅಚ್ಚರಿ. ಯಾವ ವಿಶೇಷ ಗುಣವೂ ಇಲ್ಲದ, ಬಲ ಒಂದೇ ಒಂದಿರುವ ‘ಡ್ವಾರ್ವೆನ್ ಟ್ರೇಡರ್’. ಒಮ್ಮೆ ಹೊಡೆದು ಮಲಗಿದರೆ ಮತ್ತೆ ಏಳಿಸಲು ಮಾನಾ ತೆರಬೇಕಾದ ‘ಬ್ರಾಸ್ ಮ್ಯಾನ್’. ತನ್ನಷ್ಟೇ ಬಲವಿರುವ ಜೀವಿಯನ್ನೂ ತಡೆಯಲಾಗದ ‘ಐರನ್‌ಕ್ಲಾ ಆರ್ಕ್ಸ್’. ಬಿಡಿಬಿಡಿಯಾಗಿ ಯಾರಿಗೂ ಬೇಡವಾದ ಎಲೆಗಳಿವು. ಜೊತೆಗೆ ‘ಲೈಟ್ನಿಂಗ್ ಬೋಲ್ಟ್’ನಂಥ ಸುಡುವ ಮಂತ್ರಗಳು, ಎದುರಿನ ತಡೆ ಸರಿಸಲು ಅಥವಾ ಕೊನೆಯ ಮೂರು ಜೀವ ಕೀಳಲು.

ಶ್ನೈಡರ್ ಎಲೆಗಳನ್ನು ನೋಡಿದ ಬಗೆಯೇ ಬೇರೆ. ಕಾಲುವೆ ನೀರಿನ ಸರದಿಯ ಹಾಗೆ ಮಾನಾ ಕೂಡ. ಇಂದಿನದನ್ನು ಬಳಸದಿದ್ದರೆ ನಾಳೆಯ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಮೊದಲ ಸರದಿಗೆ ಒಂದು ಮಾನಾದ ಕೆಲಸ, ಎರಡನೆಯದಕ್ಕೆ ಎರಡರದು, ಮೂರನೆಯದಕ್ಕೆ ಮೂರರದು, ಹೀಗೆ ಯಾವ ಸರದಿಯಲ್ಲೂ ಮಾನಾ ಪೋಲಾಗದಂತೆ ಬೆಲೆವಾರು ಎಲೆಗಳನ್ನು ಹಂಚಿದರು. ಕೆಳಗಿನ ಬೆಲೆಯವು ಹೆಚ್ಚು, ಮೇಲಿನವು ಕಡಿಮೆ. ‘ಮಾನಾ ಕರ್ವ್’ ಎಂದು ಇವತ್ತು ಕಾರ್ಡ್ ಆಟದ ಹುಡುಗರು ಸಲೀಸಾಗಿ ಆಡುವ ಮಾತಿನ ಬೇರು ಇಲ್ಲಿದೆ. ಕಟ್ಟಿದವರು ಶ್ನೈಡರ್ ಆದರೂ ಆ ಬಗೆಯ ಡೆಕ್ಕಿಗೆ ಉಳಿದದ್ದು ಆಡಿದವರ ಹೆಸರು, ‘ಸ್ಲೈ’.

ಅದೇ ವರ್ಷ ಸಿಯಾಟಲ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಆಸ್ಟ್ರೇಲಿಯಾದ ಟಾಮ್ ಚಾನ್‌ಫೆಂಗ್ ತಂದದ್ದು ಬಿಳಿ ಬಣ್ಣದ ಸಣ್ಣ ಜೀವಿಗಳ ಡೆಕ್: ಒಂದು ಮಾನಾಕ್ಕೆ ಎರಡು ಬಲದ ‘ಸವಾನಾ ಲಯನ್ಸ್’, ಅದರ ಮೇಲೆ ಎರಡೆರಡು ಮಾನಾದ ಹನ್ನೆರಡು ಯೋಧರು. ಡೆಕ್ಕಿನ ಪಟ್ಟಿ ಬರೆದುಕೊಡುವಾಗ ನೀಲಿ ಮಾನಾ ಕೊಡುವ ನಾಲ್ಕು ಭೂಮಿಗಳು ಬಿಟ್ಟುಹೋಗಿದ್ದವು. ನಿಯಮದಂತೆ ಅವುಗಳ ಜಾಗಕ್ಕೆ ಮಾಮೂಲಿ ಬಿಳಿ ಭೂಮಿ ಹಾಕಿಕೊಂಡೇ ಆಡಬೇಕಾಯಿತು. ಡೆಕ್ಕಿನಲ್ಲಿದ್ದ ಒಂದು ನೀಲಿ ಮಂತ್ರ ಇಡೀ ಪಂದ್ಯಾವಳಿಯಲ್ಲಿ ಆಡಲಾಗದ ಎಲೆಯಾಗಿ ಉಳಿಯಿತು. ಆದರೂ ಫೈನಲ್‌ನಲ್ಲಿ ಅಮೆರಿಕದ ಮಾರ್ಕ್ ಜಸ್ಟಿಸ್ ಅವರನ್ನು ಮಣಿಸಿ ಚಾನ್‌ಫೆಂಗ್ ವಿಶ್ವ ಚಾಂಪಿಯನ್ ಆದರು. ಒಂದು ಎಲೆ ಕೈಕೊಟ್ಟರೂ ಕುಸಿಯದಿರುವುದು ಹಿಂಡಿನ ಡೆಕ್ಕಿನ ದೊಡ್ಡ ಗುಣ. ಅದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಎರಡು ವರ್ಷ ಕಳೆದು, 1998ರಲ್ಲಿ, ಲಾಸ್ ಏಂಜಲೀಸ್‌ನ ‘ಪ್ರೊ ಟೂರ್’ ಪಂದ್ಯಾವಳಿಯಲ್ಲಿ ಡೇವಿಡ್ ಪ್ರೈಸ್ ಕೆಂಪು ಡೆಕ್ಕಿನಿಂದಲೇ ಗೆದ್ದರು. ಅವರ ‘ಜ್ಯಾಕಲ್ ಪಪ್’ ಒಂದು ಮಾನಾಕ್ಕೆ ಎರಡು ಬಲ ಕೊಡುತ್ತದೆ, ಆದರೆ ಅದಕ್ಕೆ ಬಿದ್ದ ಏಟು ಯಜಮಾನನಿಗೂ ತಾಗುತ್ತದೆ. ಸದಾ ಮುನ್ನುಗ್ಗುವವನಿಗೆ ಆ ದೋಷ ಅಷ್ಟಾಗಿ ಕಾಡುವುದಿಲ್ಲ. ಮರುವರ್ಷ ಮೈಕ್ ಫ್ಲೋರೆಸ್ ಬರೆದ ಪ್ರಬಂಧವೊಂದು ಇದನ್ನೇ ತತ್ತ್ವವಾಗಿ ಬಿಡಿಸಿತು: ಇಬ್ಬರು ಕೂತಾಗ ಒಬ್ಬನ ಪಾತ್ರ ದಾಳಿ, ಇನ್ನೊಬ್ಬನದು ತಡೆ, ತನ್ನ ಪಾತ್ರ ಯಾವುದೆಂದು ತಪ್ಪು ತಿಳಿದವನು ಸೋಲುತ್ತಾನೆ.

ಹಿಂಡಿಗೆ ಮದ್ದು ಮೊದಲ ದಿನದಿಂದಲೂ ಇತ್ತು. ‘ರಾತ್ ಆಫ್ ಗಾಡ್’ ನಾಲ್ಕು ಮಾನಾದ ಮಂತ್ರ. ಕಣದಲ್ಲಿರುವ ಅಷ್ಟೂ ಜೀವಿಗಳನ್ನು ಒಮ್ಮೆಗೇ ಅಳಿಸಿಹಾಕುತ್ತದೆ. ಕೈಯಲ್ಲಿರುವುದನ್ನೆಲ್ಲ ಆತುರದಿಂದ ಇಳಿಸಿದವನ ಕೈ ಆಗ ಬರಿದು, ಕಣವೂ ಬರಿದು. ನುರಿತವರು ಮೂರು ಜೀವಿಗಳಿಂದ ಆಗುವ ಕೆಲಸಕ್ಕೆ ನಾಲ್ಕನೆಯದನ್ನು ಇಳಿಸುವುದಿಲ್ಲ. ಎದುರಾಳಿ ನಾಲ್ಕನೇ ಭೂಮಿ ಇಡುವ ಹೊತ್ತಿಗೆ ಕೈಯಲ್ಲಿ ಎರಡು ಎಲೆ ಉಳಿಸಿಕೊಂಡಿರುತ್ತಾರೆ. ಹೊರಗಿನಿಂದ ನೋಡುವವರಿಗೆ ಹಿಂಡಿನ ಆಟ ಎಂದರೆ ಹಿಂದುಮುಂದು ನೋಡದೆ ನುಗ್ಗುವುದು. ವಾಸ್ತವದಲ್ಲಿ ಅದು ತಡೆದುಕೊಳ್ಳುವ ಆಟ. ಡೆಕ್ಕನ್ನು ತಿದ್ದುವಾಗಲೂ ಇದೇ ಶಿಸ್ತು ಬೇಕು. ಹಲವು ಆಟಗಳಲ್ಲಿ ಕೈಯಲ್ಲೇ ಕೊಳೆಯುವ ಆರು ಮಾನಾದ ಚೆಂದದ ಜೀವಿಯನ್ನು ತೆಗೆದುಹಾಕಲು ಮನಸ್ಸು ಗಟ್ಟಿ ಮಾಡಬೇಕು.

1997ರ ‘ಟೆಂಪೆಸ್ಟ್’ ಎಂಬ ಹೊಸ ಎಲೆಗಳ ಕಂತಿನಲ್ಲಿ ಬಂದ ‘ಸ್ಲಿವರ್’ಗಳು ಹಿಂಡಿಗೆ ಹೊಸ ಅರ್ಥ ಕೊಟ್ಟವು. ಮೈಕ್ ಎಲಿಯಟ್ ರೂಪಿಸಿದ ಈ ಜೀವಿಗಳಲ್ಲಿ ಒಂದಕ್ಕೆ ರೆಕ್ಕೆ ಇದ್ದರೆ ಎಲ್ಲಕ್ಕೂ ರೆಕ್ಕೆ, ಒಂದಕ್ಕೆ ಬಲ ಬಂದರೆ ಎಲ್ಲಕ್ಕೂ ಬಲ. ಎದುರಾಳಿಯ ಸ್ಲಿವರ್‌ಗಳಿಗೂ ಆ ಪಾಲು ಸಲ್ಲುತ್ತಿತ್ತು. ಆಮೇಲಿನ ‘ಆನ್‌ಸ್ಲಾಟ್’ ಸರಣಿ ಪೂರ್ತಿ ಕುಲಗೋತ್ರದ ಮೇಲೆಯೇ ನಿಂತಿತು. ಅದರ ನಡುವಿನ ಕಂತು, 2003ರ ‘ಲೀಜನ್ಸ್’ನಲ್ಲಿ, 145 ಎಲೆಗಳೂ ಜೀವಿಗಳೇ.

ಆ ಸರಣಿಯ ಗಾಬ್ಲಿನ್ ಡೆಕ್ ಹಿಂಡಿನ ಕಲೆಯ ಶಿಖರ. ಒಂದು ಆಟವನ್ನು ಹತ್ತಿರದಿಂದ ನೋಡಬಹುದು. ಎರಡನೇ ಸರದಿಯಲ್ಲಿ ‘ಗಾಬ್ಲಿನ್ ಪೈಲ್‌ಡ್ರೈವರ್’ ಇಳಿಯುತ್ತದೆ. ಮೂಲ ಬಲ ಒಂದೇ, ಆದರೆ ಜೊತೆಯಲ್ಲಿ ದಾಳಿಗೆ ಹೊರಟ ಪ್ರತಿ ಗಾಬ್ಲಿನ್‌ಗೆ ಎರಡರಂತೆ ಬಲ ಏರುತ್ತದೆ. ಮೂರನೇ ಸರದಿಗೆ ‘ಗಾಬ್ಲಿನ್ ವಾರ್‌ಚೀಫ್’: ಇನ್ನು ಮುಂದೆ ಗಾಬ್ಲಿನ್‌ಗಳ ಬೆಲೆ ಒಂದು ಮಾನಾ ಕಡಿಮೆ, ಬಂದ ಸರದಿಯಲ್ಲೇ ದಾಳಿಗೂ ಹೋಗಬಹುದು. ಇಬ್ಬರೂ ಹೊಡೆದರೆ ಮೂರು ಮತ್ತು ಎರಡು, ಒಟ್ಟು ಐದು. ನಾಲ್ಕನೇ ಸರದಿಯಲ್ಲಿ ಐದು ಮಾನಾದ ‘ಸೀಜ್-ಗ್ಯಾಂಗ್ ಕಮಾಂಡರ್’ ನಾಲ್ಕಕ್ಕೇ ಬರುತ್ತಾನೆ, ಮೂರು ಮರಿ ಗಾಬ್ಲಿನ್‌ಗಳನ್ನೂ ಕರೆತರುತ್ತಾನೆ. ಈಗ ದಾಳಿಗೆ ಆರು ಜನ. ಪೈಲ್‌ಡ್ರೈವರ್‌ನ ಬಲ ಹನ್ನೊಂದಕ್ಕೆ ಏರಿದೆ. ವಾರ್‌ಚೀಫ್‌ನದು ಎರಡು, ಕಮಾಂಡರ್‌ನದು ಎರಡು, ಮರಿಗಳದು ಮೂರು. ಮೊತ್ತ 18. ಹಿಂದಿನ ಐದು ಸೇರಿ 23. ನಾಲ್ಕೇ ಭೂಮಿ, ಮೂರೇ ಎಲೆ, ಆಟ ಮುಗಿಯಿತು. ಸರ್ವನಾಶದ ಮಂತ್ರಕ್ಕೂ ಇವರ ಬಳಿ ಉತ್ತರವಿತ್ತು: ‘ಪೇಟ್ರಿಯಾರ್ಕ್ಸ್ ಬಿಡ್ಡಿಂಗ್’ ಆಡಿ ಸತ್ತ ಗಾಬ್ಲಿನ್‌ಗಳನ್ನೆಲ್ಲ ಒಟ್ಟಿಗೆ ಎಬ್ಬಿಸುತ್ತಿದ್ದರು.

ಮರುವರ್ಷ ಲಯವೇ ತಪ್ಪಿತು. 2004ರ ಫೆಬ್ರವರಿಯಲ್ಲಿ ಬಂದ ‘ಸ್ಕಲ್‌ಕ್ಲ್ಯಾಂಪ್’ ಒಂದು ಮಾನಾದ ಸಲಕರಣೆ. ತೊಟ್ಟ ಜೀವಿಗೆ ಒಂದು ಬಲ ಹೆಚ್ಚು, ಒಂದು ತಾಳಿಕೆ, ಅಂದರೆ ಏಟು ತಡೆದುಕೊಳ್ಳುವ ಶಕ್ತಿ, ಕಡಿಮೆ; ಅದು ಸತ್ತರೆ ಯಜಮಾನನಿಗೆ ಎರಡು ಹೊಸ ಎಲೆ. ವಿನ್ಯಾಸದ ಕೊನೆ ಹಂತದಲ್ಲಿ ಮಾಡಿದ ಬದಲಾವಣೆಯನ್ನು ಯಾರೂ ಸರಿಯಾಗಿ ಆಡಿ ನೋಡಿರಲಿಲ್ಲ. ತಾಳಿಕೆ ಒಂದೇ ಇರುವ ಮರಿ ಜೀವಿಗೆ ತೊಡಿಸಿದ ತಕ್ಷಣ ಅದು ಸಾಯುತ್ತದೆ, ಎರಡು ಎಲೆ ಕೈಗೆ ಬರುತ್ತವೆ. ಹಿಂಡಿನ ಡೆಕ್ಕಿಗೆ ಕೈ ಬರಿದಾಗುವ ಭಯವೇ ಹೋಯಿತು, ಅದರೊಂದಿಗೆ ತಡೆದುಕೊಳ್ಳುವ ಜಾಣ್ಮೆಯೂ ಬೇಡವಾಯಿತು. ಜೂನ್‌ನಲ್ಲಿ ಅದನ್ನು ನಿಷೇಧಿಸಿದರು. ಸರಿಯಾದ ತೀರ್ಮಾನ. ಅದೇ ಜೂನ್‌ನಲ್ಲಿ ಹೊರಬಂದ ‘ಫಿಫ್ತ್ ಡಾನ್’ ಕಂತಿನ ‘ರಿಲೆಂಟ್‌ಲೆಸ್ ರ‍್ಯಾಟ್ಸ್’ ಮೇಲೆ, ಡೆಕ್ಕಿನಲ್ಲಿ ಈ ಎಲೆ ಎಷ್ಟು ಬೇಕಾದರೂ ಇರಬಹುದು ಎಂದು ಅಚ್ಚಾಗಿತ್ತು. ಹತ್ತು ವರ್ಷದ ಹಿಂದೆ ಹಾಕಿದ ಮಿತಿಯನ್ನು ವಿನ್ಯಾಸಕಾರರೇ ಒಂದು ಎಲೆಯ ಮಟ್ಟಿಗೆ ಸಡಿಲಿಸಿದರು.

2008ರ ನವೆಂಬರ್‌ನಲ್ಲಿ ಬರ್ಲಿನ್ ಪ್ರೊ ಟೂರ್‌ನ ಕೊನೆಯ ಎಂಟರಲ್ಲಿ ಆರು ಮಂದಿಯ ಕೈಯಲ್ಲಿ ಎಲ್ಫ್ ಡೆಕ್ ಇತ್ತು. ಪ್ರತಿ ಜೀವಿಗೆ ಒಂದು ಎಲೆ ಕೊಡುವ ಮಂತ್ರ, ಮೂರು ಎಲ್ಫ್‌ಗಳನ್ನು ಮಲಗಿಸಿ ಮೂರು ಮಾನಾ ಕೊಡುವ ‘ಹೆರಿಟೇಜ್ ಡ್ರೂಯಿಡ್’. ಇವೆರಡೂ ಸೇರಿದರೆ ಒಂದೇ ಸರದಿಯಲ್ಲಿ ಡೆಕ್ಕಿನ ಬಹುಪಾಲು ಕಣಕ್ಕೆ ಸುರಿಯುತ್ತಿತ್ತು. ಗೆದ್ದವರು ಲೂಯಿಸ್ ಸ್ಕಾಟ್-ವರ್ಗಸ್.

ಮಿತಿ ಮೀರಲು ಅನುಮತಿ ಪಡೆದ ಎಲೆಗಳ ಸಾಲಿಗೆ 2024ರ ನವೆಂಬರ್‌ನಲ್ಲಿ ‘ಫೌಂಡೇಶನ್ಸ್’ ಕಂತಿನ ‘ಹೇರ್ ಅಪ್ಯಾರೆಂಟ್’ ಸೇರಿತು. ಎರಡು ಮಾನಾದ ಈ ಮೊಲ ಇಳಿದಾಗ, ಅದೇ ಹೆಸರಿನ ಬೇರೆ ಮೊಲಗಳು ಎಷ್ಟಿವೆಯೋ ಅಷ್ಟು ಮರಿಗಳು ಹುಟ್ಟುತ್ತವೆ. ನಾಲ್ಕನೆಯದು ಬರುವಷ್ಟರಲ್ಲಿ ನಾಲ್ಕು ಮೊಲ, ಆರು ಮರಿ, ಕಣದಲ್ಲಿ ಹತ್ತು ಜೀವ. ಹಿಂಡು ಕಟ್ಟುವುದನ್ನು ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಸರಳವಾದ, ಅಗ್ಗದ ಪಾಠ ಸದ್ಯಕ್ಕೆ ಇನ್ನೊಂದಿಲ್ಲ. ಫೌಂಡೇಶನ್ಸ್ ಕಂತಿನ ಎಲೆಗಳು ‘ಸ್ಟ್ಯಾಂಡರ್ಡ್’ ಪಂದ್ಯಗಳಲ್ಲಿ ಕನಿಷ್ಠ 2029ರವರೆಗೆ ಚಾಲ್ತಿಯಲ್ಲಿರುತ್ತವೆ ಎಂದು ಕಂಪನಿ ಪ್ರಕಟಿಸಿದೆ.