ಹೆಣ್ಣಾಳಿನ ಕೂಲಿ, ಪತ್ರಕರ್ತೆಯ ಸಂಬಳ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ತೊಗರಿ ಹೊಲಗಳಲ್ಲಿ ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು ಎಂದು ಕೂಲಿಯನ್ನು ಬೇರೆ ಬೇರೆಯಾಗಿ ಕೇಳುವುದು ರೂಢಿ. ಇದು ಅನ್ಯಾಯವೇ ಸರಿ. ಆದರೆ ಈ ಅನ್ಯಾಯದಲ್ಲಿ ಗುಟ್ಟಿಲ್ಲ. ಎರಡೂ ದರ ಊರಿಗೆಲ್ಲ ಗೊತ್ತು. ಈ ಅನ್ಯಾಯದ ಬಗ್ಗೆ ಬರೆಯುವ ಪತ್ರಿಕೆಗಳ ಒಳಗೆ ಪರಿಸ್ಥಿತಿ ಹೇಗಿದೆ? ಅಲ್ಲಿ ‘ಹೆಣ್ಣಾಳಿನ ದರ’ ಎಂಬ ಮಾತೇ ಇಲ್ಲ. ಆದರೆ ಯಾರಿಗೆ ಎಷ್ಟು ಸಿಗುತ್ತದೆ ಎಂಬುದೂ ತಿಳಿಯುವುದಿಲ್ಲ.

ಕನ್ನಡದ ಮೊದಲ ಪತ್ರಕರ್ತೆಯರಿಗೆ ಈ ಪ್ರಶ್ನೆ ಎದುರಾಗಲಿಲ್ಲ. 1910ರ ದಶಕದಲ್ಲಿ ‘ಕರ್ನಾಟಕ ನಂದಿನಿ’ಯನ್ನು ಹೊರಡಿಸಿದ ನಂಜನಗೂಡು ತಿರುಮಲಾಂಬ, ‘ಸರಸ್ವತಿ’ಯನ್ನು ಸುಮಾರು ನಾಲ್ಕು ದಶಕ ನಡೆಸಿದ ಆರ್. ಕಲ್ಯಾಣಮ್ಮ ತಾವೇ ಒಡತಿಯರು, ತಾವೇ ಸಂಪಾದಕಿಯರು. ಇನ್ನೊಬ್ಬರ ಪತ್ರಿಕೆಯಲ್ಲಿ ಸಂಬಳಕ್ಕೆ ದುಡಿಯುವ ಹೆಣ್ಣುಮಕ್ಕಳು ಹೆಚ್ಚಿದ್ದು ಬಹಳ ತಡವಾಗಿ.

ಅಷ್ಟರಲ್ಲಿ ಕಾನೂನು ಬಂದಿತ್ತು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ಅಡಿಯಲ್ಲಿ ವೇತನ ಮಂಡಳಿಗಳು ರಚನೆಯಾದವು. ಪತ್ರಿಕೆಯ ವರಮಾನ ಮತ್ತು ನೌಕರರ ಹುದ್ದೆಯನ್ನು ನೋಡಿ ಅವು ವೇತನ ಶ್ರೇಣಿ ನಿಗದಿ ಮಾಡಿದವು. ಗಂಡು ಹೆಣ್ಣೆಂಬ ಭೇದ ಅಲ್ಲಿರಲಿಲ್ಲ. ಮುಖ್ಯವಾಗಿ, ಶ್ರೇಣಿಗಳು ಅಚ್ಚಾಗಿ ಎಲ್ಲರ ಕೈಗೆ ಸಿಗುತ್ತಿದ್ದವು. 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಕ್ಕೆ ಒಂದೇ ವೇತನ ಎಂದಿತು. ಮುಂಬೈನ ಕಂಪನಿಯೊಂದರ ಸ್ಟೆನೋಗ್ರಾಫರ್ ಆಡ್ರೆ ಡಿಕೋಸ್ಟಾ ಅವರ ಪ್ರಕರಣದಲ್ಲಿ 1987ರಲ್ಲಿ ಸುಪ್ರೀಂ ಕೋರ್ಟ್, ಹುದ್ದೆಗೆ ಬೇರೆ ಹೆಸರಿಟ್ಟ ಮಾತ್ರಕ್ಕೆ ಕೆಲಸ ಬೇರೆಯಾಗುವುದಿಲ್ಲ, ಕೊಡಲು ಹಣವಿಲ್ಲ ಎಂಬ ನೆಪವೂ ನಡೆಯದು ಎಂದು ತೀರ್ಪಿತ್ತಿತು.

ಹಾಗಿದ್ದರೆ ತೊಡಕೆಲ್ಲಿ? 1990ರ ದಶಕದಿಂದ ಪತ್ರಿಕೆಗಳಲ್ಲಿ ಗುತ್ತಿಗೆ ನೇಮಕ ಹೆಚ್ಚಿತು. ಶ್ರೇಣಿಯ ಜಾಗಕ್ಕೆ ಒಬ್ಬೊಬ್ಬರೊಡನೆ ಪ್ರತ್ಯೇಕ ಚೌಕಾಸಿ ಬಂತು. ಪಕ್ಕದ ಮೇಜಿನವರ ಸಂಬಳ ಕೇಳುವುದು ಅಸಭ್ಯವೆನಿಸಿತು. ಮಜೀಠಿಯಾ ಮಂಡಳಿಯ ಶಿಫಾರಸು ಗುತ್ತಿಗೆಯವರಿಗೂ ಅನ್ವಯಿಸುತ್ತದೆ ಎಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಇನ್ನು ಮಳಖೇಡ, ವಾಡಿ, ಶಹಾಬಾದದಂಥ ಊರುಗಳ ಸುದ್ದಿ ಕಳಿಸುವ ಬಾತ್ಮೀದಾರರನ್ನು ನೋಡಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1955ರ ಕಾಯ್ದೆಯ ಪ್ರಕಾರ ಪತ್ರಿಕಾವೃತ್ತಿಯೇ ಮುಖ್ಯ ಕಸುಬಾದವರು ಮಾತ್ರ ಪತ್ರಕರ್ತರಾಗಿದ್ದರು. ಗೌರವಧನ, ಜಾಹೀರಾತಿನ ಕಮಿಷನ್ ನಂಬಿ ದುಡಿಯುವವರಿಗೆ ಈ ವ್ಯಾಖ್ಯೆಯೊಳಗೆ ಬರುವುದೇ ಕಷ್ಟವಾಗಿತ್ತು. ಕಮಿಷನ್‌ಗಾಗಿ ಅಂಗಡಿ, ಕಾರ್ಖಾನೆ, ಪಕ್ಷದ ಕಚೇರಿಗಳಿಗೆ ಅಲೆಯಬೇಕಾದ ಈ ಕೆಲಸ ಹೆಣ್ಣುಮಕ್ಕಳಿಗೆ ಬಾಗಿಲಲ್ಲೇ ತಡೆಯಾಗುತ್ತದೆ. ಹುದ್ದೆಯೇ ಸಿಗದವಳು ಸಮಾನ ವೇತನ ಕೇಳುವುದು ಹೇಗೆ?

ಗುಟ್ಟು ಒಡೆದರೆ ಏನಾಗುತ್ತದೆ ಎಂಬುದಕ್ಕೆ ಬಿಬಿಸಿ ಉದಾಹರಣೆ. 2017ರ ಜುಲೈನಲ್ಲಿ ಒಂದೂವರೆ ಲಕ್ಷ ಪೌಂಡಿಗಿಂತ ಹೆಚ್ಚು ಪಡೆಯುವವರ ಪಟ್ಟಿಯನ್ನು ಅದು ಪ್ರಕಟಿಸಬೇಕಾಯಿತು. ಪುರುಷರಿಗೇ ಹೆಚ್ಚು ಸಂದಾಯವಾಗುತ್ತಿದ್ದುದು ಬಯಲಾಯಿತು. 2018ರ ಜನವರಿಯಲ್ಲಿ ಚೀನಾ ಸಂಪಾದಕಿ ಕ್ಯಾರಿ ಗ್ರೇಸಿ ಆ ಹುದ್ದೆಯನ್ನೇ ಬಿಟ್ಟರು. ಬಿಬಿಸಿ ಕ್ಷಮೆ ಕೇಳಿ ಬಾಕಿ ಹಣ ಕೊಟ್ಟಿತು. ವೀಕ್ಷಕರ ಅಭಿಪ್ರಾಯದ ಕಾರ್ಯಕ್ರಮಕ್ಕೆ ಸಮೀರಾ ಅಹ್ಮದ್ ಅವರಿಗೆ ಕಂತಿಗೆ 440 ಪೌಂಡ್ ಸಿಗುತ್ತಿದ್ದರೆ, ಅಂಥದೇ ಕಾರ್ಯಕ್ರಮಕ್ಕೆ ಜೆರೆಮಿ ವೈನ್ ಅವರಿಗೆ 3,000 ಪೌಂಡ್ ಸಿಕ್ಕಿತ್ತು. 2020ರಲ್ಲಿ ನ್ಯಾಯಮಂಡಳಿ ಅಹ್ಮದ್ ಪರ ತೀರ್ಪು ನೀಡಿತು.

ಅಷ್ಟು ದೂರ ಹೋಗಬೇಕಿಲ್ಲ. 2006ರಲ್ಲಿ ಉದ್ಯೋಗ ಖಾತರಿ ಯೋಜನೆ ಮೊದಲು ಜಾರಿಯಾದ ರಾಜ್ಯದ ಜಿಲ್ಲೆಗಳಲ್ಲಿ ಅಂದಿನ ಗುಲ್ಬರ್ಗಾವೂ ಒಂದು. ಆ ಯೋಜನೆಯಲ್ಲಿ ಗಂಡಾಳು, ಹೆಣ್ಣಾಳು ಎಂಬ ಎರಡು ದರ ಇರಲಿಲ್ಲ. ಸರ್ಕಾರ ಘೋಷಿಸಿದ ಒಂದೇ ಕೂಲಿ ಇಬ್ಬರಿಗೂ ಅನ್ವಯಿಸುತ್ತಿತ್ತು. ದರ ಬಹಿರಂಗವಾಗಿದ್ದುದರಿಂದ ಕಡಿಮೆ ಕೊಟ್ಟರೆ ಕೇಳುವ ಹಕ್ಕು ಕೂಲಿಕಾರಳಿಗಿತ್ತು.

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಸಮಾನ ವೇತನದ ನಿಯಮವನ್ನು ಉಳಿಸಿಕೊಂಡಿದೆ. ಆದರೆ ಹಕ್ಕು ಕೇಳುವವಳಿಗೆ ಮೊದಲು ಪಕ್ಕದವನ ಸಂಬಳ ತಿಳಿದಿರಬೇಕು. ಜಗತ್ತಿನ ಲೆಕ್ಕ ಕೇಳುವ ಪತ್ರಿಕೆಗಳು ತಮ್ಮ ವೇತನದ ಲೆಕ್ಕವನ್ನೂ ತೆರೆದಿಟ್ಟರೆ ಕಾನೂನಿನ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.